ಅಂಚು ಕಡಿದ ಮೀನಿನ ಪಟ

ಸಕಲೇಶಪುರದಲ್ಲಿ ನಾನು ಕೆಲಸಕ್ಕೆ ಸೇರಿದ ಅಂಗಡಿಯ ಬೋರ್ಡಿನ ಮೇಲೆ ಒಂದೇ ಸಾಲು ಇತ್ತು: ‘ಇಲ್ಲಿ ಕಟ್ಟು ಹಾಕಲಾಗುವುದು’. ಸೇರಿದ ವಾರಕ್ಕೇ ಯಾವುದೋ ಎಸ್ಟೇಟಿನವರು ಒಬ್ಬ ಆಳನ್ನ ಜೀಪಲ್ಲಿ ಹಾಕ್ಕೊಂಡು ಬಂದ್ರು. ಮೆಣಸು ಕುಯ್ಯಕ್ಕೆ ಹೋಗಿ ಸಿಲ್ವರ್ ಮರದಿಂದ ಬಿದ್ದು ಕೈ ಮುರ್ಕೊಂಡಿದ್ದ. ಅವರ ಲೆಕ್ಕ ಬರೆಯೋ ರೈಟರ್ ಆ ಕೈನ ನನ್ನ ಟೇಬಲ್ ಮೇಲೆ ಇಟ್ಟು, “ಬೇಗ ಕಟ್ಟು ಹಾಕಪ್ಪ, ಜೀಪು ವಾಪಸ್ ಹೋಗ್ಬೇಕು” ಅಂದ. ನಾನು ಸುತ್ತಿಗೆ ಹಿಡ್ಕೊಂಡು ಬೆಪ್ಪನಂಗೆ ನಿಂತಿದ್ದೆ. ಒಳಗಿಂದ ನಮ್ಮ ಯಜಮಾನರು ಗುರುಬಸಪ್ಪನೋರು ಬಂದು ಆ ಕೈ ನೋಡಿ, “ಗ್ಲಾಸ್ ಹಾಕಿ ಕೊಡ್ಲಾ, ಗ್ಲಾಸ್ ಇಲ್ದೆ ಸಾಕಾ?” ಅಂತ ಕೇಳಿದ್ರು. ನೋವಲ್ಲಿದ್ದ ಆ ಆಳೇ ಮೊದಲು ನಕ್ಕಿದ್ದು. ಮಾರನೇ ದಿನ ಬೋರ್ಡಿಗೆ ‘ಫೋಟೋಗಳಿಗೆ’ ಅಂತ ಒಂದು ಪದ ಸೇರಿಸಿದ್ವಿ.

ನನ್ನ ಹೆಸರು ರುದ್ರೇಶ. ಫೋಟೋಗಳಿಗೆ, ದೇವರ ಪಟಗಳಿಗೆ ಫ್ರೇಮ್ ಹಾಕ್ಕೊಂಡು ಜೀವನ ಕಳೆದೋನು. ಮೊದಲು ಆಳಾಗಿ, ಆಮೇಲೆ ಯಜಮಾನರು ತೀರ್ಕೊಂಡ ಮೇಲೆ ಅವರ ಅಂಗಡಿ ನಾನೇ ನಡೆಸ್ಕೊಂಡು. ಬಾಗಿಲು ಹಾಕಿ ಎರಡು ವರ್ಷ ಆಯ್ತು. ಈಗ ಹಾಸನದಲ್ಲಿ ಕಂಪ್ಯೂಟರ್ ಕಟ್ಟರ್ ಇಟ್ಕೊಂಡು ಇದೇ ಕೆಲಸ ಕಲೀತಿರೋ ಹುಡುಗ ಹುಡುಗಿಯರು ಫೋನ್ ಮಾಡಿ, “ಅಂಕಲ್, ಟಿಪ್ಸ್ ಹೇಳಿ” ಅಂತಾರೆ. ಟಿಪ್ಸ್ ನನ್ನತ್ರ ಇಲ್ಲ. ಮಾಡಿದ ಎಡವಟ್ಟುಗಳು ಬೇಕಾದಷ್ಟು ಅವೆ. ಅದನ್ನೇ ಬರೀತಿದೀನಿ.

ಗುರುಬಸಪ್ಪನೋರು ನೆತ್ತಿಯಿಂದ ಹುಬ್ಬಿನವರೆಗೂ ವಿಭೂತಿ ಹಚ್ಕೊಂಡು ಕೂರೋರು. ಮಾತು ಮಾತ್ರ ವಿಭೂತಿಗೆ ಸಂಬಂಧ ಇಲ್ಲದಂಥದ್ದು. ಅವರ ಕೈಕೆಳಗೆ ನಾನು ಕಲಿತಿದ್ದು ಎರಡೇ ಪಾಠ. ಮೊದಲನೇದು, “ಹೆಸರು ಕಡಿ, ದೇವ್ರನ್ನ ಉಳಿಸು”. ಆಗೆಲ್ಲ ದೇವರ ಪಟ ಅಂತ ಯಾರು ಕಾಸು ಕೊಟ್ಟು ತಗೋತಿದ್ರು ಹೇಳಿ. ಹೊಸ ವರ್ಷಕ್ಕೆ ಅಂಗಡಿಯೋರು ಕೊಟ್ಟ ಕ್ಯಾಲೆಂಡರು ಒಂದು ವರ್ಷ ಗೋಡೆ ಮೇಲೆ ಇರೋದು, ವರ್ಷ ಮುಗಿದ ಮೇಲೆ ನಮ್ಮತ್ರ ಬರೋದು. ಮೇಲೆ ಲಕ್ಷ್ಮಿ, ಕೆಳಗೆ ಗೊಬ್ಬರದ ಅಂಗಡಿ ಹೆಸರು. “ಗೊಬ್ಬರಕ್ಕೆ ಮಂಗಳಾರತಿ ಎತ್ತಕ್ಕಾಗುತ್ತೇನೋ” ಅಂತ ಯಜಮಾನರು ಅಂಚಿನಲ್ಲಿರೋ ಅಕ್ಷರನೆಲ್ಲ ಒಂದೇ ಏಟಿಗೆ ಕತ್ತರಿಸೋರು. ಒಂದ್ಸಲ ರಭಸದಲ್ಲಿ ಲಕ್ಷ್ಮಿ ಪಕ್ಕದ ಆನೆಯ ಹಿಂಭಾಗನೂ ಹೋಯ್ತು. ಗಿರಾಕಿ ಬಂದಾಗ, “ಆನೆ ಈಗ ತಾನೇ ಒಳಗೆ ಬರ್ತಾ ಐತೆ, ಶುಭ” ಅಂತ ಹೇಳಿ ಕಳಿಸಿದ್ರು.

ಎರಡನೇ ಪಾಠ, ಕಡಿದಿದ್ದನ್ನ ಬಿಸಾಕಬಾರದು. ಪಟ, ಗಾಜು, ಹಿಂದಿನ ಹಲಗೆ ಎಲ್ಲ ಕೂರಿಸಿದ ಮೇಲೂ ಫ್ರೇಮಿನೊಳಗೆ ಸ್ವಲ್ಪ ಸಂದು ಉಳಿಯುತ್ತೆ. ಅಲ್ಲಾಡಿಸಿದ್ರೆ ಲಟಲಟ ಅನ್ನುತ್ತೆ. ಆ ಸಂದಿಗೆ ಕತ್ತರಿಸಿದ ಕಾಗದದ ಪಟ್ಟಿನ ಮಡಿಚಿ ತುರುಕಿ, ಮೇಲೆ ಕಂದು ಕಾಗದ ಅಂಟಿಸಿಬಿಡೋದು. ಹಂಗಾಗಿ ಸಕಲೇಶಪುರ ಆಲೂರು ಕಡೆ ಅರ್ಧ ದೇವರುಗಳ ಬೆನ್ನ ಹಿಂದೆ ಈಗಲೂ ಗೊಬ್ಬರ, ಹಲ್ಲುಪುಡಿ, ಬನಿಯನ್ನಿನ ಜಾಹೀರಾತು ಐತೆ. ಅದನ್ನ ತುರುಕಿದ ಕೈ ಇದೇ.

ಕೆಲಸದ ರೀತಿ ಆಮೇಲೆ ಬೇಜಾನ್ ಬದಲಾಯ್ತು. ನಾವು ಮೈದಾ ಕುದಿಸಿ, ಜಿರಲೆ ತಿನ್ನದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕಿ ಅಂಟು ಮಾಡ್ಕೋತಿದ್ವಿ. ಮೂಲೆ ಕೂಡಿಸಕ್ಕೆ ಕೈಗರಗಸ. ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೇಲಿ ಕುಗ್ಗಿ, ಮೂಲೆ ಬಾಯಿ ಬಿಟ್ಕೊಂಡು ಗಿರಾಕಿನೂ ಬಾಯಿ ಬಿಡೋನು. ಆಮೇಲೆ ಪ್ಲಾಸ್ಟಿಕ್ ಫ್ರೇಮ್ ಬಂತು, ಅದು ಉಬ್ಬಲ್ಲ ಕುಗ್ಗಲ್ಲ, ಅದಕ್ಕೆ ಯಾವ ಸಂಸಾರದ ತಾಪತ್ರಯನೂ ಇಲ್ಲ. ಈಗ ಸತ್ತವರ ಫೋಟೋನ ಫ್ಲೆಕ್ಸಲ್ಲಿ ಬಸ್‌ಸ್ಟ್ಯಾಂಡ್ ಮುಂದೆ ಹಾಕ್ತಾರೆ, ಗಾಳಿಗೆ ಪಾಪ ತಾತ ಪಟಪಟ ಹೊಡ್ಕೋತಿರ್ತಾನೆ.

ಸತ್ತವರ ಫೋಟೋ ಅಂದೆ ನೋಡಿ, ಕುಂದೂರಿನ ಕಥೆ ಹೇಳ್ಲೇಬೇಕು. ಅಲ್ಲೊಂದು ಗೌಡರ ಮನೇಲಿ ಯಜಮಾನ ತೀರ್ಕೊಂಡ. ಒಂದೇ ಒಂದು ಫೋಟೋನೂ ಇರ್ಲಿಲ್ಲ. ಯಾರದೋ ಮದುವೆ ಗುಂಪಿನ ಫೋಟೋ ತಂದು, “ರುಮಾಲು ಸುತ್ತಿರೋರು ಕಣಣ್ಣ, ಇವ್ರೇ” ಅಂತ ಬೆರಳು ತೋರಿಸಿ ಹೋದ್ರು. ರುಮಾಲಿನೋರು ಪಕ್ಕಪಕ್ಕ ಇಬ್ರು ಇದ್ರು. ನಾನು ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿ, ಹಾರದ ಕೊಕ್ಕೆ ಬಡಿದು, ತಿಥಿ ದಿನ ನಾನೇ ಬಸ್ಸಲ್ಲಿ ತಗೊಂಡು ಹೋದೆ. ಪಟದ ಮುಂದೆ ಎಡೆ ಇಟ್ಟಿದ್ರು. ಪಂಕ್ತೀಲಿ ಕೂತಿದ್ದ ಒಬ್ಬ ಮುದುಕಪ್ಪ ಅದನ್ನೇ ದಿಟ್ಟಿಸಿ ನೋಡಿ, “ಇದು ನಾನಲ್ವೇನೋ?” ಅಂದ. ಸತ್ತವರ ತಮ್ಮ, ತಿಮ್ಮೇಗೌಡ. ಪಟದಲ್ಲಿದ್ದೋನು ಅವನೇ. ಹೋಳಿಗೆ ಕೈಯಲ್ಲೇ ಇತ್ತು.

ಆ ಮನೆಗೆ ಮತ್ತೆ ಕಾಲಿಡಲ್ಲ ಅಂದ್ಕೊಂಡಿದ್ದೆ. ಆದ್ರೆ ಒಂದು ಮೀನು ನನ್ನನ್ನ ಅಲ್ಲಿಗೆ ಎಳ್ಕೊಂಡು ಹೋಯ್ತು. ಅದು ನನ್ನ ಕೆಲಸದ ಕೊನೇ ವರ್ಷ.

ನಮ್ಮೂರಲ್ಲಿ ಲಿಲ್ಲಿ ಟೀಚರ್ ಗೊತ್ತಿಲ್ದೋರು ಕಮ್ಮಿ. ದುಂಡು ಕನ್ನಡಕದ ಮೇಲಿಂದ ಒಂದು ನೋಟ ನೋಡಿದ್ರೆ ಮಗ್ಗಿ ತಾನಾಗೇ ಬಾಯಿಗೆ ಬರೋದು. ನನಗೂ ಅವರೇ ಟೀಚರು. ಅವರ ರಿಟೈರ್ಮೆಂಟ್ ಆಗಿ ಯಾವ ಕಾಲವೋ ಆಗಿತ್ತು. ಒಂದಿನ ಆಟೋದಲ್ಲಿ ಬಂದು, ಒಂದು ಕೈಯಲ್ಲಿ ಸುರುಳಿ ಸುತ್ತಿದ ಪಟ, ಇನ್ನೊಂದು ಕೈಯಲ್ಲಿ ಬೀಟೆ ಮರದ ಹಳೇ ಫ್ರೇಮು ಹಿಡ್ಕೊಂಡು ಅಂಗಡಿ ಹತ್ತಿದ್ರು. ಮೆಟ್ಟಿಲು ಕಾಣದೆ ಕಾಲಲ್ಲಿ ತಡಕಾಡ್ತಿದ್ರು.

“ಕಣ್ಣಿಗೆ ಪೊರೆ ಬಂದಿದೆ ಕಣೋ ರುದ್ರೇಶ. ಆಪರೇಷನ್‌ಗೆ ಹಾಸನಕ್ಕೆ ಹೋಗ್ತಿದ್ದೀನಿ. ಅಲ್ಲೇ ತಂಗಿ ಮನೇಲಿ ಇದ್ದು, ಹೊಸ ಗಾಜಿನ ಕನ್ನಡಕ ಹಾಕ್ಕೊಂಡೇ ಬರೋದು. ಇದನ್ನ ಈ ಫ್ರೇಮಿಗೇ ಕೂರಿಸಿಡು. ನಮ್ಮಮ್ಮನ ಕಾಲದ್ದು.”

“ಏನ್ ಪಟ ಟೀಚರ್?”

“ನೋಡು, ಗೊತ್ತಾಗುತ್ತೆ” ಅಂದು ಹೊರಟುಹೋದ್ರು.

ಬಿಚ್ಚಿ ನೋಡಿದ್ರೆ ಒಂದು ದೊಡ್ಡ ಮೀನು. ಚರ್ಚಿನ ಕಿಟಕೀಲಿ ಬಣ್ಣಬಣ್ಣದ ಗಾಜು ಕೂಡಿಸಿರ್ತಾರಲ್ಲ, ಹಂಗೆ ದಪ್ಪ ಕಪ್ಪು ಗೆರೆ ಎಳೆದು, ಮಧ್ಯೆ ಮಧ್ಯೆ ನೀಲಿ, ಕೆಂಪು, ಹಳದಿ ತುಂಡು. ಮೀನಿನ ಹೊಟ್ಟೆಯೊಳಗೆ ಒಬ್ಬ ಮನುಷ್ಯ ಮೊಣಕಾಲು ಮಡಿಚ್ಕೊಂಡು ಕೂತಿದ್ದ. ಮೀನಿನ ಕಣ್ಣಿನ ಸುತ್ತ ಒಂದು ದುಂಡು ಗೆರೆ, ಅದರಿಂದ ಕಿವಿರಿನ ಕಡೆಗೆ ಒಂದು ಕಡ್ಡಿ. ಪ್ರೆಸ್ಸಿನೋರ ತಪ್ಪಿರ್ಬೇಕು ಅಂದ್ಕೊಂಡೆ. ಕಾಗದ ಮಾತ್ರ ಕ್ಯಾಲೆಂಡರಿನದಲ್ಲ. ದಪ್ಪಗೆ, ಹತ್ತಿ ಬಟ್ಟೆ ಮುಟ್ಟಿದಂಗೆ ಇತ್ತು. ಬೆರಳಾಡಿಸಿದ್ರೆ ಬಣ್ಣದ ಮೇಲೆ ಬಣ್ಣ ಕೂತಿರೋದು ತಿಳೀತಿತ್ತು.

ಫ್ರೇಮಿಗೆ ಹಿಡಿದು ನೋಡ್ದೆ, ಪಟ ಎರಡು ಬೆರಳಷ್ಟು ಜಾಸ್ತಿ ಉದ್ದ ಇತ್ತು. ಕೆಳಗಡೆ ಬಿಳೀ ಅಂಚು. ಅದರಲ್ಲಿ ಪೆನ್ಸಿಲಲ್ಲಿ ಏನೋ ಲೆಕ್ಕ, ಮೇಲೊಂದು ಅಂಕಿ, ಕೆಳಗೊಂದು ಅಂಕಿ, ಮುಂದೆ ಮಾಸಲು ಗೀಚು. ನಾನು ಓದ್ಲೇ ಇಲ್ಲ. ಅಂಚಿನಲ್ಲಿ ಅಕ್ಷರ ಕಂಡ್ರೆ ಕಡಿಯೋದು ಅಷ್ಟೇ ಈ ಕೈಗೆ ಗೊತ್ತು. ಸ್ಕೇಲ್ ಇಟ್ಟೆ, ಬ್ಲೇಡ್ ಎಳೆದೆ, ಕೂರಿಸಿದೆ, ಗೋಡೆಗೆ ನೇತುಹಾಕಿದೆ. ಟೀಚರ್ ಬರೋವರೆಗೂ ಅಲ್ಲೇ ಇತ್ತು.

ಅಂಗಡಿಗೆ ಬಂದೋರೆಲ್ಲ ಅದಕ್ಕೆ ಕೈ ಮುಗಿಯಕ್ಕೆ ಶುರು ಮಾಡಿದ್ರು. “ಮತ್ಸ್ಯಾವತಾರ ಅಲ್ವಾ? ಎಷ್ಟು ಲಕ್ಷಣವಾಗೈತೆ” ಅಂತ ಆಲೂರು ಕಡೆಯ ಒಬ್ಬಾಕೆ ಗಾಜಿನ ಮೇಲೆ ಕುಂಕುಮನೂ ಇಟ್ಟುಬಿಟ್ಲು. ಬೇಡ ಅನ್ನಕ್ಕೆ ನನಗೂ ಅದೇನಂತ ಸರಿಯಾಗಿ ಗೊತ್ತಿರ್ಲಿಲ್ಲ.

ಟೀಚರ್ ಬಂದ್ರು. ಅದೇ ದುಂಡು ಕನ್ನಡಕಕ್ಕೆ ಹೊಸ ಗಾಜು. ಮೆಟ್ಟಿಲನ್ನ ಟಕಟಕ ಹತ್ತಿ, ಮೊದಲು ನನ್ನನ್ನ ನೋಡಿ, “ನಿನಗೆ ಇಷ್ಟು ವಯಸ್ಸಾಗಿದೆಯೇನೋ” ಅಂದ್ರು. ಆಮೇಲೆ ಪಟದ ಮುಂದೆ ನಿಂತ್ರು. “ನೀಲಿ ಇಷ್ಟು ನೀಲಿ ಇತ್ತಾ” ಅಂತ ತಮಗೇ ಹೇಳ್ಕೊಂಡ್ರು. ಕುಂಕುಮ ಕಂಡು ಹುಬ್ಬು ಗಂಟಿಕ್ಕಿ ಸೆರಗಲ್ಲಿ ಒರೆಸಿದ್ರು. ಅವರ ಬೆರಳು ಹಂಗೇ ಕೆಳಗೆ ಜಾರಿ ಅಂಚಿನಲ್ಲಿ ಏನೋ ಹುಡುಕ್ತು.

“ಇಲ್ಲಿ ಬರೆದಿದ್ದು ಎಲ್ಲಿ?”

“ಏನ್ ಟೀಚರ್?”

“ಪೆನ್ಸಿಲ್‌ನಲ್ಲಿ ಬರೆದಿತ್ತಲ್ಲ.”

“ಫ್ರೇಮಿಗೆ ಕೂರ್ಲಿಲ್ಲ ಟೀಚರ್, ಅದಕ್ಕೇ ಕತ್ತರಿಸ್ದೆ” ಅಂದೆ. ಅವರು ಕುರ್ಚಿ ಮೇಲೆ ಕೂತ್ಬುಟ್ರು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ. ಬೈದಿದ್ರೆ ವಾಸಿ ಇತ್ತು.

ಅವತ್ತು ಅವರು ಹೇಳಿದ್ದು ಇಷ್ಟು. ಆ ಪಟ ಮಾಡಿದೋನು ಅವರ ತಮ್ಮ ಫೆಲಿಕ್ಸ್. ಅಪ್ಪ ಅಮ್ಮ ಬೇಗ ಹೋಗಿದ್ರಿಂದ ಟೀಚರೇ ಅವನನ್ನ ಸಾಕಿದ್ದು. ಪಾದ್ರಿ ಆಗ್ಲಿ ಅಂತ ಓದಕ್ಕೆ ಕಳಿಸಿದ್ರು. ಅವನು ಮಧ್ಯದಲ್ಲೇ ಬಿಟ್ಟು ಚಿತ್ರ ಬರೆಯಕ್ಕೆ ಓಡಿಹೋದ. ಇವರು ಸಿಟ್ಟಲ್ಲಿ, “ನೀನು ಮುಳುಗಿ ಹೋದೆ, ಇನ್ನು ನನಗೆ ಮುಖ ತೋರಿಸಬೇಡ” ಅಂತ ಕಾಗದ ಬರೆದ್ರು. ಅವನು ನಿಜವಾಗ್ಲೂ ತೋರಿಸ್ಲಿಲ್ಲ. ಹಿಂದಿನ ಮಳೆಗಾಲದಲ್ಲಿ ತೀರ್ಕೊಂಡ. ಆಮೇಲೆ ಅವನ ಗೆಳೆಯ ಯಾರೋ ಈ ಪಟನ ಅಂಚೇಲಿ ಕಳಿಸಿದ್ದ. ಇದು ಕಲ್ಲಚ್ಚು, ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಿನ ಮೇಲೆ ಬರೆದು ಒತ್ತಿದ್ದು, ಅಂಚಿನಲ್ಲಿ ಎಷ್ಟನೇ ಪ್ರತಿ ಅನ್ನೋ ಅಂಕಿಯ ಪಕ್ಕ ಅಕ್ಕನಿಗೆ ಅಂತ ಅವನೇ ಬರೆದಿದ್ದಾನೆ ಅಂತ ಜೊತೆಗೊಂದು ದಪ್ಪ ಅಕ್ಷರದ ಚೀಟಿ ಇತ್ತು. ಪೊರೆ ಬಂದ ಕಣ್ಣಿಗೆ ಆ ಪೆನ್ಸಿಲ್ ಅಕ್ಷರ ಕಾಣ್ಲಿಲ್ಲ.

“ಯಾರತ್ರನಾದ್ರೂ ಓದಿಸ್ಬೋದಿತ್ತಲ್ಲ ಟೀಚರ್.”

“ಬೈದಿದ್ರೆ? ನನ್ನ ತಮ್ಮ ಬೈದಿದ್ದನ್ನ ಬೇರೆಯವರ ಬಾಯಲ್ಲಿ ಕೇಳ್ಲಾ? ಕಣ್ಣು ಬರಲಿ, ನಾನೇ ಓದ್ಕೋತೀನಿ ಅಂತ ಕಾದೆ. ಅವನು ನನ್ನ ಮೇಲಿನ ಸಿಟ್ಟಲ್ಲೇ ಸತ್ನಾ, ಇಲ್ವಾ, ಅಷ್ಟು ಗೊತ್ತಾದ್ರೆ ಸಾಕಾಗಿತ್ತು.” ಪಟ ಎತ್ಕೊಂಡು ಆಟೋ ಹತ್ತಿ ಹೋದ್ರು.

ಕತ್ತರಿಸಿದ ಪಟ್ಟಿ ಎಲ್ಲಿ ಹೋಗಿರುತ್ತೆ? ಟೇಬಲ್ ಕೆಳಗಿನ ಡಬ್ಬ ತಲೆಕೆಳಗೆ ಮಾಡ್ದೆ, ಇರ್ಲಿಲ್ಲ. ಅಂದ್ರೆ ಆ ವಾರ ಕಟ್ಟು ಹಾಕಿದ ಇನ್ಯಾವುದೋ ಫ್ರೇಮಿನ ಬೆನ್ನಿಗೆ ಹೋಗೈತೆ. ಟೀಚರ್ ಪಟಕ್ಕೆ ನಾನು ಏನೂ ತುರುಕಿಲ್ಲ, ಅಷ್ಟು ದಪ್ಪ ಕಾಗದಕ್ಕೆ ತುರುಕೋ ಅವಶ್ಯಕತೆನೇ ಇಲ್ಲ ಅಂತ ಆಣೆ ಮಾಡಿ ಹೇಳ್ತಿದ್ದೆ. ನೆನಪು ಮಾಡ್ಕೊಂಡೆ. ಆ ವಾರ ಬೇರೆ ಮಾಡಿದ್ದು ಎರಡೇ. ಒಂದು ಆಲೂರಿನ ಒಂದು ಆಫೀಸಿಗೆ. ಇನ್ನೊಂದು, ನನ್ನ ಕರ್ಮಕ್ಕೆ, ಕುಂದೂರಿನ ಅದೇ ಗೌಡರ ಮನೆಗೆ. ಆ ಮನೆಯ ಅಜ್ಜಿ ತೀರ್ಕೊಂಡಿದ್ರು. ಫೋಟೋನ ಮನೆಯೋರೇ ಕಳಿಸಿ, ಅವರೇ ಬಂದು ತಗೊಂಡು ಹೋಗಿದ್ರು, ನನ್ನ ಮೇಲೆ ಅಷ್ಟು ನಂಬಿಕೆ.

ಮೊದಲನೇ ದಿನ ಕುಂದೂರಿನ ಬಸ್ ಹತ್ತಿದೆ. ಜಗಲಿ ಮೇಲೆ ತಿಮ್ಮೇಗೌಡ ಎಲೆಅಡಿಕೆ ಹಾಕ್ಕೊಂಡು ಕೂತಿದ್ದ, ಇನ್ನೂ ಗಟ್ಟಿಮುಟ್ಟಾಗಿ.

“ಬಾರಯ್ಯ ರುದ್ರ. ಈ ಸಲ ಯಾರನ್ನ ಸಾಯ್ಸಕ್ಕೆ ಬಂದೆ?”

“ಅಜ್ಜಿ ಫೋಟೋಗೆ ಹುಳ ಬಿದ್ದಿರ್ಬೋದು ಗೌಡ್ರೆ, ಒಂದ್ಸಲ ಬಿಚ್ಚಿ ನೋಡ್ಬುಡ್ತೀನಿ” ಅಂತ ಸುಳ್ಳು ಹೇಳ್ದೆ.

“ಬಿಚ್ಚು. ಒಳಗೆ ನಮ್ಮತ್ತಿಗೇನೇ ಅವ್ಳಾ ಅಂತ ಇನ್ನೊಂದ್ಸಲ ನೋಡ್ಬುಡು.”

ಮನೆಯೋರೆಲ್ಲ ಸುತ್ತ ನಿಂತ್ರು. ಅಜ್ಜಿ ಪಟ ಮಕಾಡೆ ಹಾಕಿ, ಕಂದು ಕಾಗದ ಸೀಳಿ ನೋಡಿದ್ರೆ, ಬನಿಯನ್ನಿನ ಜಾಹೀರಾತು. ಮೈಮೇಲೆ ಬನಿಯನ್ ಒಂದೇ ಇದ್ದ ಗಂಡಸು ಹಲ್ಲು ಬಿಟ್ಕೊಂಡು ಅಜ್ಜಿ ಬೆನ್ನಿಗಂಟ್ಕೊಂಡಿದ್ದ. ಸೊಸೆ ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡ್ಳು. ತಿಮ್ಮೇಗೌಡ ಹತ್ರ ಬಂದು ಬಗ್ಗಿ ನೋಡಿ, “ನಮ್ಮಣ್ಣಂಗೆ ಹೇಳ್ಬೇಡಿ ಕಣ್ರೋ, ಮೇಲೆ ರಾದ್ಧಾಂತ ಆಗೋಯ್ತದೆ” ಅಂದ. ಆ ಮನೇಲಿ ಅಷ್ಟು ಜನ ಒಟ್ಟಿಗೆ ನಕ್ಕಿದ್ದು ಅಜ್ಜಿ ಹೋದ ಮೇಲೆ ಅದೇ ಮೊದಲಂತೆ. ಊಟ ಮಾಡಿಸಿಯೇ ಕಳಿಸಿದ್ರು.

ಎರಡನೇ ದಿನ ಆಲೂರು. ಆಫೀಸಿನ ಹೆಸರು ಹೇಳಲ್ಲ. ಅಲ್ಲಿ ಗೋಡೆ ಮೇಲೆ ದೇಶದ ದೊಡ್ಡೋರೊಬ್ಬರ ಪಟ. “ಇಳಿಸಿ ಒಂದ್ನಿಮಿಷ ಹಿಂದೆ ನೋಡ್ಬೇಕು ಸಾರ್” ಅಂದ್ರೆ, ಗುಮಾಸ್ತ ಪೆನ್ ಕೆಳಗಿಟ್ಟ.

“ಅವರ ಹಿಂದೆ ನೋಡಕ್ಕೆ ಅರ್ಜಿ ಕೊಡ್ಬೇಕು.”

“ಪಟದ ಹಿಂದೆ ಸಾರ್.”

“ಪಟ ಸರ್ಕಾರದ ಆಸ್ತಿ ಕಣ್ರೀ. ಮುಂದೆಯಾಗ್ಲಿ ಹಿಂದೆಯಾಗ್ಲಿ.”

ಅರ್ಜಿ ಬರೆದೆ. ಕಾರಣ ಅನ್ನೋ ಕಡೆ ಏನು ಬರೀಲಿ ಅಂತ ತಲೆ ಕೆರ್ಕೊಂಡು ‘ಆರೋಗ್ಯ ತಪಾಸಣೆ’ ಅಂತ ಬರೆದೆ. ಮಧ್ಯಾಹ್ನದವರೆಗೂ ಕೂರಿಸಿ, ಸೀಲ್ ಒತ್ತಿ, ಅಟೆಂಡರನ್ನ ಕಾವಲಿಗೆ ನಿಲ್ಲಿಸಿ ಬಿಚ್ಚಕ್ಕೆ ಬಿಟ್ರು. ಒಳಗಿದ್ದಿದ್ದು ಹಲ್ಲುಪುಡಿ. ನಾನು ಹಂಗೇ ಮುಚ್ಚಿ ಅಂಟಿಸಿ ಬಸ್‌ಸ್ಟ್ಯಾಂಡಿಗೆ ಬಂದೆ. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತಾಗ ನನಗೆ ಅಳು ಬಂತು. ಜೀವನಪೂರ್ತಿ ಜನರ ಹೆಸರು ಕಡೀತಾ ಬಂದೋನು, ಒಬ್ಬ ಸತ್ತೋನ ಕೊನೇ ಮಾತನ್ನೂ ಕಡಿದು ಕಳೆದುಬಿಟ್ನಲ್ಲ ಅಂತ ನನ್ನ ಮೇಲೇ ಹೇಸಿಗೆ ಆಯ್ತು.

ಮೂರನೇ ದಿನ ಬೆಳಿಗ್ಗೆ ಹೇಮಾವತಿ ಸೇತುವೆ ದಾಟಿ ಟೀಚರ್ ಮನೆಗೆ ನಡ್ಕೊಂಡೇ ಹೋದೆ. ಸಿಗ್ಲಿಲ್ಲ ಅಂತ ಒಪ್ಕೊಳ್ಳಕ್ಕೆ. ಅವರು ಬಾಗಿಲು ತೆಗೆದು ಕುರ್ಚಿ ತೋರಿಸಿದ್ರು. ಪಟ ನೇತುಹಾಕಿರ್ಲಿಲ್ಲ. ನೋಡಕ್ಕಾಗದೆ ಅದನ್ನ ಗೋಡೆ ಕಡೆಗೆ ಮುಖ ಮಾಡಿ ಮೂಲೇಲಿ ಒರಗಿಸಿದ್ರು. ನನ್ನ ಕಡೆಗಿದ್ದಿದ್ದು ಅದರ ಬೆನ್ನು.

ಬೆನ್ನು ನೋಡೋದು ತಾನೇ ನನ್ನ ಕಸುಬು. ಕಂದು ಕಾಗದ ಕೆಳಗಡೆ ಉಬ್ಬಿತ್ತು. ಒಂದೇ ಕಡೆ, ಒಂದು ಗೇಣಿನಷ್ಟು. ಆಗ ತಲೆಗೆ ಹೊಳೀತು. ಬೀಟೆ ಫ್ರೇಮು ಹಳೇ ಕಾಲದ್ದು, ಅದರ ಗಾಡಿ, ಅಂದ್ರೆ ಪಟ ಕೂರೋ ಕಾಲುವೆ, ಆಳ. ದಪ್ಪ ಕಾಗದ ಕೂರಿಸಿದ್ರೂ ಲಟಲಟ ಅಂದಿರುತ್ತೆ. ಆ ಶಬ್ದ ಕೇಳಿದ ಕೂಡ್ಲೇ ಕೈ ಪಕ್ಕದಲ್ಲಿ ಬಿದ್ದಿರೋದನ್ನ ಎತ್ತಿ ತುರುಕಿರುತ್ತೆ. ನಾನು ಆಗ ಯಾವ ಗಿರಾಕಿ ಜೊತೆ ಹರಟ್ತಿದ್ನೋ ಏನೋ.

“ಟೀಚರ್, ಒಂದು ಚಾಕು ಕೊಡಿ.”

ಮಡಿಚಿದ ಪಟ್ಟಿ ಬಂತು. ನಾನು ಬಿಡಿಸ್ಲಿಲ್ಲ, ಓದ್ಲಿಲ್ಲ. ಎರಡೂ ಕೈಯಲ್ಲಿ ಕೊಟ್ಟು, ಕಿಟಕಿ ಕಡೆ ತಿರುಗಿ ನಿಂತೆ. ಹಿಂದೆ ಕಾಗದ ಬಿಡಿಸೋ ಸದ್ದು ಕೇಳಿಸ್ತು.

“ರುದ್ರೇಶ, ಇಲ್ಲಿ ಬಾ. ಓದು. ಗಟ್ಟಿಯಾಗಿ ಓದು, ಕ್ಲಾಸಲ್ಲಿ ಓದ್ತಿದ್ದ ಹಾಗೆ ನುಂಗಿ ನುಂಗಿ ಓದಬೇಡ.”

ಓದಿದೆ. ‘ಅಕ್ಕ, ಎಲ್ಲರೂ ಮೀನು ನುಂಗಿತು ನುಂಗಿತು ಅಂತ ಅದನ್ನೇ ಬೈತಾರೆ. ಅದು ನುಂಗದೇ ಇದ್ದಿದ್ದರೆ ಅವನು ಸಮುದ್ರದಲ್ಲಿ ಮುಳುಗಿ ಸಾಯ್ತಿದ್ದ. ನಾನು ಮುಳುಗಲಿಲ್ಲ. ಫೆಲಿಕ್ಸ್.’

ನನಗೆ ಅರ್ಥ ಆಗ್ಲಿಲ್ಲ. ಟೀಚರ್ ಪಟ ತಿರುಗಿಸಿ, ಪಾಠ ಹೇಳೋ ದನೀಲೇ ಕಥೆ ಹೇಳಿದ್ರು. ಬೈಬಲ್ಲಿನಲ್ಲಿ ಯೋನ ಅಂತ ಒಬ್ಬ, ದೇವರು ಹೋಗು ಅಂದ ಕಡೆ ಹೋಗದೆ ಹಡಗು ಹತ್ತಿ ಓಡಿಹೋದ. ಬಿರುಗಾಳಿ ಎದ್ದಾಗ ಅವನನ್ನ ಸಮುದ್ರಕ್ಕೆ ಎಸೆದ್ರು. ಮೀನು ನುಂಗಿ, ಮೂರು ದಿನ ಹೊಟ್ಟೇಲಿಟ್ಕೊಂಡು, ದಡಕ್ಕೆ ತಂದು ಉಗುಳ್ತು. “ನೀನು ನುಂಗಿದ ಪಟ್ಟಿನೂ ಮೂರನೇ ದಿನಕ್ಕೇ ಹೊರಗೆ ಬಂತಲ್ಲೋ” ಅಂದ್ರು. ನಾನಾಗ ಮೀನಿನ ಕಣ್ಣು ನೋಡ್ದೆ, ಟೀಚರ್ ಮುಖ ನೋಡ್ದೆ. ದುಂಡು ಗೆರೆ, ಕಿವಿಯವರೆಗೆ ಕಡ್ಡಿ. ಅದು ಪ್ರೆಸ್ಸಿನೋರ ತಪ್ಪಾಗಿರ್ಲಿಲ್ಲ, ಟೀಚರ್ ಕನ್ನಡಕ. ಅವರಿಗೂ ಆಗ್ಲೇ ಕಂಡಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಅವನಿಗೆ ಸಿಟ್ಟಿರ್ಲಿಲ್ಲ” ಅಂದ್ರು. ಕನ್ನಡಕ ಹಾಕ್ಕೊಂಡು ಇನ್ನೊಂದ್ಸಲ ಮೀನನ್ನ ನೋಡಿ, “ಆದ್ರೂ ನಾನು ಇಷ್ಟು ದಪ್ಪ ಇರ್ಲಿಲ್ಲ” ಅಂದ್ರು.

ಅಂಚು ಸೇರಿದ್ರೆ ಬೀಟೆ ಫ್ರೇಮು ಸಾಲಲ್ಲ ಅಂತ ದೊಡ್ಡದೊಂದು ಫ್ರೇಮ್ ಮಾಡಿಕೊಟ್ಟೆ. ಕಡಿದ ಅಂಚನ್ನ ಹಳೇ ಮೈದಾ ಅಂಟಲ್ಲೇ ಪಟಕ್ಕೆ ಕೂಡಿಸಿದೆ. ಎಷ್ಟು ನಯವಾಗಿ ಕೂಡಿಸಿದ್ರೂ ಕತ್ತರಿಸಿದ ಗೆರೆ ಕಾಣುತ್ತೆ. ಮಕ್ಕಳಾ, ನಿಮ್ಮ ಮಷೀನು ಕೂದಲೆಳೆ ತಪ್ಪದಂಗೆ ಕಡಿಯುತ್ತಂತೆ, ಸಂತೋಷ. ಕಡಿಯೋ ಮುಂಚೆ ಅಂಚಿನಲ್ಲಿ ಏನು ಬರೆದೈತೆ ಅಂತ ಅದು ಓದಲ್ಲ, ನೀವು ಓದಿ.

ಮೊನ್ನೆ ಟೀಚರ್ ಮನೆಗೆ ಹೋಗಿದ್ದೆ. ಪಟ ನಡುಮನೇಲಿ, ಬಾಗಿಲಿಗೆ ಎದುರಾಗೈತೆ. ಹಾಲು ಕೊಡಕ್ಕೆ ಬಂದಾಕೆ ಚಪ್ಪಲಿ ಬಿಟ್ಟು ಒಳಗೆ ಬಂದು, ಕೆನ್ನೆ ಕೆನ್ನೆ ಬಡ್ಕೊಂಡು, ಮೀನಿಗೆ ಕೈ ಮುಗಿದು ಹೋದ್ಲು. ಗಾಜಿನ ಮೇಲೆ ಕುಂಕುಮನೂ ಇತ್ತು, ಈ ಸಲ ಯಾರೂ ಒರೆಸಿರ್ಲಿಲ್ಲ.

“ಮತ್ಸ್ಯಾವತಾರ ಅಲ್ಲ ಅಂತ ಹೇಳಲ್ವಾ ಟೀಚರ್?”

“ಮುಗೀಲಿ ಬಿಡೋ” ಅಂದ್ರು ಟೀಚರ್, ಮೀನಿನ ಹಂಗೇ ಕನ್ನಡಕದೊಳಗಿಂದ ನನ್ನನ್ನ ನೋಡಿ. “ಅಷ್ಟು ವರ್ಷ ಪಾಠ ಹೇಳ್ದೆ, ನಿಮ್ಮಲ್ಲಿ ಒಬ್ಬನೂ ನನಗೆ ಕೈ ಮುಗೀಲಿಲ್ಲ.”